ಏಳನೆಯ ಗುಂಡು

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡಿನ ಉದ್ಯೋಗ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನೆಂದು ಲೋಕ ನನ್ನನ್ನು ಕರೆಯುತ್ತದೆಯಾದರೂ, ವರ್ಷದಲ್ಲಿ ನಾಲ್ಕು ತಿಂಗಳು ನನ್ನ ನಿಜವಾದ ಕಸುಬು ಕೆಂಪು ಶಾಯಿಯದು. ಹತ್ತು ವರ್ಷದ ಈ ಅಭ್ಯಾಸದಿಂದ ನನಗೊಂದು ದುರಭಿಮಾನವೂ ಬೆಳೆದಿತ್ತು. ತಪ್ಪೆಂಬುದು ಎಲ್ಲಿ ಅಡಗಿದ್ದರೂ ನನ್ನ ಕಣ್ಣಿಗೆ ಬೀಳದೆ ಇರಲಾರದು ಎಂದು ನಂಬಿದ್ದೆ. ಆ ನಂಬಿಕೆ ಹೇಗೆ ಮುರಿದು ಬಿದ್ದಿತೆಂಬುದನ್ನು ಈ ವಾರ ವಾಚಕರ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಪದವಿ ತರಗತಿಯ ಮೊದಲ ವರ್ಷದವರಿಗೆ ಒಂದು ಕಿರುಪರೀಕ್ಷೆ ನಡೆಸಿದ್ದೆ. ಒಟ್ಟು 43 ಉತ್ತರಪತ್ರಿಕೆಗಳು. ಭಾಮಿನೀ ಷಟ್ಪದಿಯ ಲಕ್ಷಣ ಬರೆಯಿರೆಂಬುದು ಒಂದು ಪ್ರಶ್ನೆ. ಮೂರನೆಯ ಸಾಲಿನಲ್ಲಿ 21 ಮಾತ್ರೆಗಳಿರುತ್ತವೆಂದು 42 ಮಂದಿ ಒಕ್ಕೊರಲಿನಿಂದ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ 23 ಎಂದು ಬರೆದಿದ್ದಳು. ನನ್ನ ಮಾದರಿ ಉತ್ತರವನ್ನೊಮ್ಮೆ ನೋಡಿದೆ, 21 ಎಂದೇ ಇತ್ತು. ಎರಡು ಅಂಕ ಕಳೆದು, ಬದಿಯಲ್ಲಿ 'ಅಜಾಗರೂಕತೆ' ಎಂದು ಗೀಚಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಪತ್ರಿಕೆಗಳನ್ನು ಹಿಂದಿರುಗಿಸುವಾಗ, "ನಲವತ್ತೆರಡು ಮಂದಿಯ ಕಿವಿಗೆ ಬಿದ್ದದ್ದು ನಿನ್ನೊಬ್ಬಳ ಕಿವಿಗೆ ಮಾತ್ರ ಬೀಳಲಿಲ್ಲವೇನಮ್ಮ?" ಎಂದು ಕೇಳಿದೆ. ತರಗತಿ ನಕ್ಕಿತು. ಆಕೆ ತಲೆ ತಗ್ಗಿಸಿ ಪತ್ರಿಕೆಯನ್ನು ಮಡಚಿಟ್ಟುಕೊಂಡಳು. ನನಗೆ ಆ ವಿಷಯ ಅಲ್ಲಿಗೆ ಮರೆತೇಹೋಯಿತು.

ಇನ್ನು ನಮ್ಮ ಬೀದಿಯ ಸುಬೇದಾರರ ಕಡೆಗೆ ಬರೋಣ. ಎಪ್ಪತ್ತು ದಾಟಿದ ಈ ಹಿರಿಯರು ಸೈನ್ಯದಲ್ಲಿದ್ದಾಗ ಒಂದು ದಿನವೂ ಶತ್ರುವಿನ ಮೇಲೆ ಗುಂಡು ಹಾರಿಸಿದವರಲ್ಲವಂತೆ. ಅವರದು ಆಯುಧ ದುರಸ್ತಿಯ ಕೆಲಸ. ಇಛಾಪುರದ ಕಾರ್ಖಾನೆಯಲ್ಲಿ ತಯಾರಾಗಿ, 1990ರ ದಶಕದವರೆಗೂ ನಮ್ಮ ಸೈನಿಕರ ಹೆಗಲ ಮೇಲಿದ್ದ 7.62 ಮಿಲಿಮೀಟರಿನ ಎಸ್.ಎಲ್.ಆರ್. ರೈಫಲುಗಳಿಗೆ ಅವರು ವೈದ್ಯರು. ಸಂಜೆಯ ಹೊತ್ತು ನಮ್ಮ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಆ ರೋಗಿಗಳ ಕತೆಗಳನ್ನು ಹೇಳುವುದು ಅವರಿಗೆ ಪ್ರಿಯವಾದ ಕಾಲಕ್ಷೇಪ.

"ಮೇಷ್ಟ್ರೇ, ಈ ಅರೆ ಸ್ವಯಂಚಾಲಿತ ರೈಫಲು ಎನ್ನುವುದು ತನ್ನ ಉಸಿರಿನಿಂದ ತಾನೇ ಬದುಕುವ ಪ್ರಾಣಿ" ಎಂದು ಅವರು ಒಮ್ಮೆ ನನಗೆ ವಿವರಿಸಿದರು. ಹಳೆಯ ರೈಫಲಿನಲ್ಲಿ ಒಂದು ಗುಂಡು ಹಾರಿದ ಮೇಲೆ ಸೈನಿಕ ಕೈಯಿಂದಲೇ ಬೋಲ್ಟನ್ನು ಹಿಂದಕ್ಕೆಳೆದು, ಬರಿದಾದ ಕಾಡತೂಸನ್ನು ಹೊರಗೆಸೆದು, ಹೊಸದನ್ನು ಒಳಗೆ ನೂಕಬೇಕು. ಅರೆ ಸ್ವಯಂಚಾಲಿತ ರೈಫಲಿನಲ್ಲಿಯಾದರೋ, ಮದ್ದು ಉರಿದಾಗ ಹುಟ್ಟುವ ಅನಿಲದಲ್ಲಿ ಒಂದಿಷ್ಟು ಪಾಲು ನಳಿಗೆಯಿಂದ ಪಕ್ಕಕ್ಕೆ ಹರಿದು ಒಂದು ದಂಡವನ್ನು ಹಿಂದಕ್ಕೆ ತಳ್ಳುತ್ತದೆ. ಅದೇ ಬೋಲ್ಟನ್ನು ತೆರೆಯುತ್ತದೆ, ಬರಿದಾದ ಕಾಡತೂಸನ್ನು ಎಸೆಯುತ್ತದೆ. ಆಮೇಲೆ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುವಾಗ ಹೊಸ ಕಾಡತೂಸು ಒಳಗೆ ಸೇರುತ್ತದೆ. ಸೈನಿಕ ಮತ್ತೆ ಟ್ರಿಗರ್ ಒತ್ತಿದರೆ ಇನ್ನೊಂದು ಗುಂಡು. ಕಣ್ಣೆವೆ ಇಕ್ಕುವುದರೊಳಗೆ ಇಷ್ಟೂ ನಡೆದುಹೋಗುತ್ತದೆ. ಒಂದು ಹೆಜ್ಜೆ ತಪ್ಪಿದರೂ ರೈಫಲು ನಿಂತುಹೋಗುತ್ತದೆ.

ಕೊಲ್ಲುವ ಯಂತ್ರವೊಂದರ ವರ್ಣನೆಯನ್ನು ಇಷ್ಟೊಂದು ಆಸಕ್ತಿಯಿಂದ ಕೇಳುತ್ತಿರುವೆನಲ್ಲಾ ಎಂದು ನನಗೇ ಸಂಕೋಚವಾಗಿ, ಅದನ್ನು ಅವರಿಗೆ ಹೇಳಿಯೂಬಿಟ್ಟೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಡೆಯುವ ರೈಫಲು ಎದುರಿನವನನ್ನು ಕೊಂದೀತು. ನಿಂತುಹೋದದ್ದು ಹಿಡಿದವನನ್ನೇ ಕೊಲ್ಲಿಸುತ್ತದೆ. ಹಿಡಿದವನು ಇಪ್ಪತ್ತು ವರ್ಷದ ಹುಡುಗ. ನನ್ನ ಮುಂದೆ ಇರುತ್ತಿದ್ದುದು ಅವನ ಮುಖವೊಂದೇ" ಎಂದರು.

ರಿಪೇರಿಗೆ ಬಂದ ರೈಫಲನ್ನು ಕಂಡೊಡನೆ ಅವರು ಅರವನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲವಂತೆ. ಮೊದಲು ಅದು ಬರಿದಾಗಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸುವುದು. ಆಮೇಲೆ ಒಂದು ಪ್ರಶ್ನೆ: "ಎಲ್ಲಿ ನಿಂತಿತು? ಯಾವಾಗಲೂ ಅಲ್ಲಿಯೇ ನಿಲ್ಲುತ್ತದೆಯೋ, ಒಂದೊಂದು ಸಲ ಒಂದೊಂದು ಕಡೆಯೋ?" ಒಂದೊಂದು ಕಡೆ ನಿಂತರೆ ಕೊಳೆ, ಎಣ್ಣೆ, ಕಾಡತೂಸು, ಇಲ್ಲವೇ ಹಿಡಿದವನ ಕೈ. ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಹಿಡಿದವನನ್ನು ಬಯ್ಯಬಾರದು, ತಯಾರಿಸಿದವನನ್ನು ಕೇಳಬೇಕು. ಇದು ಅವರ ಸೂತ್ರ. ಇದಕ್ಕೆ ನಿದರ್ಶನವಾಗಿ ಅವರು ಹೇಳಿದ ಕತೆಯೇ ಈ ಬರಹದ ತಲೆಬರಹ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ 1794ರಿಂದ 1968ರವರೆಗೆ ಸರ್ಕಾರದ ಶಸ್ತ್ರಾಗಾರವೊಂದಿತ್ತು. ಈಗ ಅದೊಂದು ವಸ್ತುಸಂಗ್ರಹಾಲಯ. ಜಾನ್ ಗ್ಯಾರಂಡ್ ಎಂಬಾತ 1919ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ. ಹುಟ್ಟಿದ್ದು 1888ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ಹಳ್ಳಿಯಲ್ಲಿ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು, ಅಮೆರಿಕದ ಬಟ್ಟೆಗಿರಣಿಯೊಂದರಲ್ಲಿ ನೆಲ ಗುಡಿಸುತ್ತ ಯಂತ್ರಗಳ ವಿದ್ಯೆಯನ್ನು ಕಣ್ಣಿನಿಂದಲೇ ಕಲಿತವನು. ಹದಿನೈದು ವರ್ಷಕ್ಕೂ ಮಿಗಿಲಾಗಿ ಒಂದೇ ರೈಫಲಿನ ಬೆನ್ನು ಹತ್ತಿ ಅದನ್ನು ತಿದ್ದಿ ತೀಡಿದ. 1936ರಲ್ಲಿ ಅಮೆರಿಕದ ಸೈನ್ಯ ಅದನ್ನು 'ಎಂ1' ಎಂಬ ಹೆಸರಿನಲ್ಲಿ ಸ್ವೀಕರಿಸಿತು. ತನ್ನ ಸಮಸ್ತ ಪದಾತಿಗಳಿಗೂ ಅರೆ ಸ್ವಯಂಚಾಲಿತ ರೈಫಲನ್ನೇ ಸಾಮಾನ್ಯ ಆಯುಧವಾಗಿ ಕೊಡಲು ಮೊದಲು ಮುಂದಾದ ದೇಶ ಅದು.

ಎಂಟು ಕಾಡತೂಸುಗಳ ಒಂದು ಕಟ್ಟನ್ನು ಮೇಲಿನಿಂದ ತುಂಬಬೇಕು. ಎಂಟನೆಯದೂ ಹಾರಿದೊಡನೆ ಬರಿದಾದ ಲೋಹದ ಹಿಡಿಕೆ 'ಟಿಂಗ್' ಎಂದು ಹೊರಕ್ಕೆ ಸಿಡಿಯುತ್ತದೆ. ಶಸ್ತ್ರಾಗಾರದ ಕುಶಲಿಗಳು ತಮ್ಮ ಮಾದರಿ ಕೋಣೆಯಲ್ಲಿ ಒಂದೊಂದಾಗಿ ನಿರ್ಮಿಸಿದ ರೈಫಲುಗಳು ಈ ಎಂಟನ್ನೂ ಸೊಗಸಾಗಿ ಹಾರಿಸಿದವು. ಆದರೆ ದೊಡ್ಡ ಯಂತ್ರಗಳನ್ನು ಹೂಡಿ ಸಾವಿರಗಟ್ಟಲೆ ತಯಾರಿಸತೊಡಗಿದಾಗ ಒಂದು ವಿಚಿತ್ರ ತಲೆದೋರಿತು. ಆರು ಗುಂಡುಗಳು ಸರಾಗವಾಗಿ ಹಾರುತ್ತಿದ್ದವು. ಏಳನೆಯದು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ಅಲ್ಲ, ಪ್ರತಿ ರೈಫಲಿನಲ್ಲೂ ಅಲ್ಲ. ಆದರೆ ಸಿಕ್ಕಿಕೊಂಡಾಗ ಸಿಕ್ಕಿಕೊಳ್ಳುತ್ತಿದ್ದುದು ಏಳನೆಯದೇ.

ನಕ್ಷೆ ಅದೇ, ಉಕ್ಕು ಅದೇ, ಕಾಡತೂಸು ಅದೇ. ಹಾಗಾದರೆ ಏಳನೆಯದರ ಪಾಪವೇನು? ಕೈಯಿಂದ ಮಾಡಿದ ಮಾದರಿಯನ್ನೂ ಯಂತ್ರದಿಂದ ಬಂದದ್ದನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಗುಟ್ಟು ಹೊರಬಿತ್ತು. ರೈಫಲಿನ ಒಡಲೊಳಗೆ ಕಾಡತೂಸಿಗೆ ದಾರಿ ತೋರುವ ಸಣ್ಣದೊಂದು ಏಣು ಇರುತ್ತದೆ. ತಯಾರಿಕೆಯ ಅನುಕೂಲಕ್ಕಾಗಿ ಯಂತ್ರದ ಕತ್ತರಿಯನ್ನು ಸ್ವಲ್ಪ ಮುಂದಕ್ಕೆ ಓಡಗೊಟ್ಟಿದ್ದರಿಂದ ಆ ಏಣಿನ ತುದಿ ಚೂರು ಮೊಟಕಾಗಿತ್ತು. ಉಳಿದ ಕಾಡತೂಸುಗಳಿಗೆ ಆ ಚೂರಿನ ಹಂಗಿರಲಿಲ್ಲ. ಏಳನೆಯದಕ್ಕೆ ಇತ್ತು. ತುದಿಯನ್ನು ಮೊದಲಿನಂತೆ ಉಳಿಸಿಕೊಂಡರು, ಆಗಲೇ ಕೊರೆದಿದ್ದ ಕೆಲವಕ್ಕೆ ಬೆಸುಗೆ ಹಾಕಿದರು. ರೋಗ ವಾಸಿಯಾಯಿತು. ಅನಿಲವನ್ನು ನಳಿಗೆಯ ಬಾಯಿಯ ಬಳಿ ಹಿಡಿಯುತ್ತಿದ್ದ ಮೊದಲ ಏರ್ಪಾಟನ್ನೂ ಕೈಬಿಟ್ಟು, 1940ರ ವೇಳೆಗೆ ನಳಿಗೆಯಲ್ಲಿಯೇ ಕಿರುರಂಧ್ರ ಕೊರೆದರು. ಪತ್ರಿಕೆಗಳಲ್ಲಿ ಆ ರೈಫಲಿನ ಮೇಲೆ ಟೀಕೆಯ ಸುರಿಮಳೆಯಾಗುತ್ತಿದ್ದಾಗಲೂ ಕೆಲಸ ನಿಲ್ಲಲಿಲ್ಲ. ಮುಂದೆ ಅಂಥ 54 ಲಕ್ಷ ರೈಫಲುಗಳು ತಯಾರಾದವು.

ಗ್ಯಾರಂಡನಿಗೆ ಏನು ದೊರೆಯಿತೆಂದು ಕೇಳಿದೆ. ಹಕ್ಕುಗಳನ್ನೆಲ್ಲ ಅವನು ಸರ್ಕಾರಕ್ಕೆ ಬರೆದುಕೊಟ್ಟಿದ್ದ. ಒಂದು ಲಕ್ಷ ಡಾಲರ್ ಬಹುಮಾನ ಕೊಡಬೇಕೆಂಬ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಅಂಗೀಕಾರವಾಗಲಿಲ್ಲ. 1953ರಲ್ಲಿ ಸಂಬಳದಿಂದ ನಿವೃತ್ತನಾಗಿ 1974ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ. "ನನ್ನ ಹಾಗೆಯೇ ಪಿಂಚಣಿದಾರ" ಎಂದು ಸುಬೇದಾರರು ನಕ್ಕರು.

ಆ ಭಾನುವಾರ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಸೂಕ್ಷ್ಮಜೀವಿಶಾಸ್ತ್ರ ಓದಿದ ಈ ಹುಡುಗನ ಉದ್ಯೋಗದ ಬಗ್ಗೆ ನಮ್ಮ ಬಂಧುವರ್ಗದಲ್ಲಿ 'ಆಹಾರೋದ್ಯಮ' ಎಂದಷ್ಟೇ ಹೇಳುವ ವಾಡಿಕೆ. ನಿಜವೇನೆಂದರೆ ಅವನು ಬಿಯರ್ ತಯಾರಿಸುತ್ತಾನೆ. 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ತಲೆಯೆತ್ತಿರುವ, ತಮ್ಮ ಬಿಯರನ್ನು ತಾವೇ ಸಣ್ಣ ಪ್ರಮಾಣದಲ್ಲಿ ಕುದಿಸಿ ಹುದುಗಿಸಿ ಬಡಿಸುವ ಮನೆಗಳಲ್ಲೊಂದರಲ್ಲಿ ಅವನಿಗೆ ನೌಕರಿ. ಇದನ್ನು ತಿಳಿದೂ ತಿಳಿಯದಂತಿರುವ ನನ್ನ ತಾಯಿ, "ನಿನ್ನ ಆಫೀಸಿನಲ್ಲಿ ಕೆಲಸ ಬಹಳವೇನಪ್ಪಾ?" ಎಂದು ಕೇಳಿದರು. "ರುಚಿ ನೋಡುವ ಕೆಲಸ ಬಹಳ, ಅಜ್ಜಿ" ಎಂದ ಮಹರಾಯ.

ಜಗಲಿಯಲ್ಲಿದ್ದ ಸುಬೇದಾರರು ಕಿವಿ ನಿಮಿರಿಸಿದರು. ರುಚಿ ನೋಡುವುದೂ ಒಂದು ಕೆಲಸವೇ ಎಂದು ನಾನು ಹಂಗಿಸಿದೆ. "ಮಾವ, ಅದು ಕುಡಿಯುವ ಕೆಲಸವಲ್ಲ, ತಪ್ಪು ಹುಡುಕುವ ಕೆಲಸ" ಎಂದ. ನನ್ನ ಉದ್ಯೋಗಕ್ಕೆ ಪ್ರತಿಸ್ಪರ್ಧಿ ಹುಟ್ಟಿದನಲ್ಲಾ ಎಂದು ಕುತೂಹಲದಿಂದ ಆಲಿಸಿದೆ.

ಬಿಯರೆಂದರೆ ಮೊಳೆತ ಬಾರ್ಲಿ, ನೀರು, ಕಹಿಗಾಗಿ ಹಾಪ್ಸ್ ಎಂಬ ಬಳ್ಳಿಯ ಹೂವು, ಹುದುಗಿಸುವುದಕ್ಕೆ ಯೀಸ್ಟ್ ಇಷ್ಟೇ. ಇವುಗಳಲ್ಲಿ ಯಾವ ಹಂತದಲ್ಲಿ ಎಡವಿದರೂ ಲೋಟದಲ್ಲಿ ಅದರ ಗುರುತು ಉಳಿಯುತ್ತದೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿಗೆ ತನ್ನ ಕೆಲಸ ಮುಗಿಸಲು ಸಾಕಷ್ಟು ಕಾಲ ಕೊಟ್ಟಿಲ್ಲ, ಇಲ್ಲವೇ ಬೇಡದ ಜೀವಾಣು ಹೊಕ್ಕಿದೆ. ಬೆಂದ ಮುಸುಕಿನ ಜೋಳದ ವಾಸನೆಯಾದರೆ ಕುದಿ ಸಾಲದು. ಹಸಿ ಸೇಬಿನ ವಾಸನೆಯಾದರೆ ಬಿಯರ್ ಇನ್ನೂ ಎಳಸು. ಒದ್ದೆ ರಟ್ಟಿನ ವಾಸನೆಯಾದರೆ ಗಾಳಿ ತಗುಲಿ ಹಳತಾಗಿದೆ. ಬಿಸಿಲು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ದುರ್ನಾತ ಹೊಡೆಯುತ್ತದೆ. ಕಂದು ಬಣ್ಣದ ಸೀಸೆಗಳು ಬಳಕೆಗೆ ಬಂದದ್ದು ಈ ಕಾರಣಕ್ಕೇ. ರುಚಿಕಾರ ಮೊದಲು ನೋಡುತ್ತಾನೆ, ಆಮೇಲೆ ಮೂಸುತ್ತಾನೆ, ಕೊನೆಗೆ ಒಂದು ಗುಟುಕು. ನಾಲಗೆಗಿಂತ ಹೆಚ್ಚಿನ ದುಡಿಮೆ ಮೂಗಿನದು. "ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವವನು ಗಿರಾಕಿ. ಯಾವ ಹಂತದಲ್ಲಿ ತಪ್ಪಾಯಿತು ಎನ್ನುವವನು ರುಚಿಕಾರ" ಎಂದ. ಸುಬೇದಾರರು ತಲೆದೂಗಿ, "ನಮ್ಮವನೇ" ಎಂದರು.

ಅವನು ತನ್ನ ಕಸುಬಿನ ಕುಲಗುರುವಿನ ವೃತ್ತಾಂತವನ್ನೂ ಹೇಳಿದ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1896ರಲ್ಲಿ ಸ್ಥಾಪನೆಯಾದ 'ಆಂಕರ್' ಎಂಬ ಬಿಯರ್ ಕಾರ್ಖಾನೆ 1965ರ ಹೊತ್ತಿಗೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಅದರ ಬಿಯರ್ ಆಗಾಗ ಹುಳಿ ಹಿಡಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ, ಇನ್ನೂ ಮೂವತ್ತು ತುಂಬದ ಫ್ರಿಟ್ಜ್ ಮೇಟ್ಯಾಗ್ ಅದರ ಹೆಚ್ಚಿನ ಪಾಲನ್ನು ಅಗ್ಗಕ್ಕೆ ಕೊಂಡ. ಕಾಲೇಜಿನಲ್ಲಿ ಅವನು ಓದಿದ್ದು ಸಾಹಿತ್ಯ! ಇದನ್ನು ಕೇಳಿ ನನ್ನಾಕೆ ನನ್ನ ಕಡೆಗೊಮ್ಮೆ ಅನುಮಾನದಿಂದ ನೋಡಿದಳು. ಹುಳಿಗೆ ಕಾರಣ ಗಿರಾಕಿಯ ನಾಲಗೆಯೂ ಅಲ್ಲ, ಹಳೆಯ ಪಾಕಸೂತ್ರವೂ ಅಲ್ಲ, ಕೊಳಾಯಿ ಪಾತ್ರೆಗಳಲ್ಲಿ ಮನೆಮಾಡಿದ್ದ ಜೀವಾಣುಗಳು. ಬಿಯರಿಗೂ ರೋಗ ಬರುತ್ತದೆ, ಅದಕ್ಕೆ ಸೂಕ್ಷ್ಮಜೀವಿಗಳೇ ಮೂಲವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1876ರಲ್ಲಿಯೇ ಪುಸ್ತಕ ಬರೆದು ಹೇಳಿದ್ದ. ಮೇಟ್ಯಾಗ್ ಉಜ್ಜಿದ, ತೊಳೆದ, ಹಳತನ್ನು ಕಿತ್ತು ಹೊಸತನ್ನು ಹಾಕಿದ. ತೃಪ್ತಿಯಾಗುವಂತೆ ಸೀಸೆಗೆ ತುಂಬಲು 1971ರವರೆಗೆ, ಎಂದರೆ ಆರು ವರ್ಷ ಕಾದ. ಅಮೆರಿಕದಲ್ಲಿ ಸಣ್ಣ ಕುಶಲಿಗಳ ಬಿಯರಿಗೆ ಮರುಜೀವ ಬಂದದ್ದು ಅಲ್ಲಿಂದಲೇ. ಆ ಹಳೆಯ ಕಾರ್ಖಾನೆ 2023ರಲ್ಲಿ ಬಾಗಿಲು ಹಾಕಿತು, ಮರುವರ್ಷ ಬೇರೊಬ್ಬರು ಕೊಂಡುಕೊಂಡರು. ಆದರೆ ಅದು ಕಲಿಸಿದ ಪಾಠ ಬೆಂಗಳೂರಿನವರೆಗೂ ಬಂದಿದೆ.

"ನಿಮ್ಮ ಪರೀಕ್ಷೆ ಹೇಗಪ್ಪಾ ನಡೆಯುತ್ತದೆ?" ಎಂದು ಸುಬೇದಾರರು ಕೇಳಿದರು. ಅವನು ಒಳಗೆ ಹೋಗಿ ಮೂರು ಲೋಟ ಕಾಫಿ ತಂದು ಅಮ್ಮನ ಮುಂದಿಟ್ಟ. ಬಣ್ಣ ಕಾಣದಂತೆ ಮೂರಕ್ಕೂ ತಟ್ಟೆ ಮುಚ್ಚಿದ್ದ. "ಅಜ್ಜಿ, ಇವುಗಳಲ್ಲಿ ಎರಡು ಒಂದೇ, ಒಂದು ಬೇರೆ. ಯಾವುದು ಹೇಳಿ." ಮೂರು ಲೋಟದ ಈ ಪರೀಕ್ಷೆಯನ್ನು ಅವರು 'ತ್ರಿಕೋನ ಪರೀಕ್ಷೆ' ಎನ್ನುತ್ತಾರಂತೆ. ಕುರುಡಾಗಿ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾದೀತು. ಆದ್ದರಿಂದ ಹಲವರನ್ನು ಕೂರಿಸಿ, ಹಲವು ಸಲ ಕೇಳಿ ನಿರ್ಧರಿಸುತ್ತಾರೆ. ನಮ್ಮ ಅಮ್ಮನಿಗೆ ಹಲವು ಸಲ ಬೇಕಾಗಲಿಲ್ಲ. ಮೂಸಿ ನೋಡಿ, ಎರಡನೆಯ ಲೋಟವನ್ನು ಪಕ್ಕಕ್ಕೆ ಸರಿಸಿ, "ಇದೇ ಬೇರೆ. ಇದೇ ಕೆಟ್ಟದ್ದು. ಎಲ್ಲಿಂದ ತಂದೆಯೋ ಈ ಪುಡಿಯನ್ನು?" ಎಂದರು.

ಹುಡುಗ ಗಹಗಹಿಸಿ ನಕ್ಕ. "ಬೇರೆ ಎಂದದ್ದು ಸರಿ, ಕೆಟ್ಟದ್ದು ಎಂದದ್ದು ತಪ್ಪು. ಅದು ಚಿಕ್ಕಮಗಳೂರಿನಿಂದ ನಾನು ತಂದ ಅಪ್ಪಟ ಕಾಫಿಪುಡಿ. ಉಳಿದೆರಡು ನಿಮ್ಮ ಮನೆಯವು, ಅರ್ಧಕ್ಕರ್ಧ ಚಿಕೋರಿ. ನಿಮ್ಮ ನಾಲಗೆ ಅದಕ್ಕೇ ಪಳಗಿದೆ." ಆಮೇಲೆ ನನ್ನ ಕಡೆ ತಿರುಗಿ, "ಮಾವ, ಈ ಪರೀಕ್ಷೆ ಬೇರೆಯದು ಯಾವುದು ಎಂದಷ್ಟೇ ಹೇಳುತ್ತದೆ. ತಪ್ಪು ಯಾವುದೆಂದು ಹೇಳುವುದಿಲ್ಲ. ಅದಕ್ಕೆ ಮೂಲಕ್ಕೇ ಹೋಗಿ ನೋಡಬೇಕು" ಎಂದ.

"ನಮ್ಮ ಮಾದರಿ ಕೋಣೆಯ ರೈಫಲಿನ ಹಾಗೆ" ಎಂದರು ಸುಬೇದಾರರು. "ಯಂತ್ರದಿಂದ ಬಂದವೆಲ್ಲ ಒಂದೇ ತೆರ. ಸರಿಯಿದ್ದದ್ದು ಬೇರೆಯಾಗಿದ್ದ ಅದೇ."

ಅವರಿಬ್ಬರೂ ಮಾತು ಮುಂದುವರಿಸಿದರು. ನನಗೆ ಮಾತ್ರ ಕಿವಿ ಕೇಳಿಸದಂತಾಯಿತು. ನಲವತ್ತೆರಡು ಪತ್ರಿಕೆಗಳು ಒಂದೇ ತೆರ, ಒಂದು ಬೇರೆ. ನಲವತ್ತೆರಡೂ ಯಾವ ಯಂತ್ರದಿಂದ ಬಂದವು?

ಎಲ್ಲರೂ ಮಲಗಿದ ಮೇಲೆ ಕಪಾಟಿನಿಂದ ಕುಮಾರವ್ಯಾಸನ ಭಾರತವನ್ನು ತೆಗೆದು, ತೆರೆದ ಪುಟದ ಒಂದು ಪದ್ಯಕ್ಕೆ ಬೆರಳು ಮಡಿಸುತ್ತ ಪ್ರಸ್ತಾರ ಹಾಕಿದೆ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಎರಡಾವರ್ತಿ ಬಂದು 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅವೇ ಮೂರಾವರ್ತಿ ಬಂದು 21, ಕೊನೆಯಲ್ಲಿ ಒಂದು ಗುರು. ಗುರುವಿಗೆ ಎರಡು ಮಾತ್ರೆ. ಒಟ್ಟು 23. ಇನ್ನೊಂದು ಪದ್ಯ ಎಣಿಸಿದೆ, ಮತ್ತೊಂದನ್ನು ಎಣಿಸಿದೆ. ಎಲ್ಲೆಲ್ಲೂ 23. ಎಂ.ಎ. ಪಾಸು ಮಾಡಿದವನಿಗೆ ಇದು ತಿಳಿಯದ್ದೇ? ತಿಳಿದದ್ದೇ. ಆದರೆ ಟಿಪ್ಪಣಿ ಬರೆಸಿದ ದಿನ 'ಮೂರು ಏಳಲ 21' ಎನ್ನುವಷ್ಟರಲ್ಲಿ ಗಂಟೆ ಬಾರಿಸಿತ್ತು. ಸಾಲಿನ ತುದಿಯ ಗುರುವನ್ನು ಹೇಳದೆ ತರಗತಿ ಬಿಟ್ಟಿದ್ದೆ. ಅದೇ ಟಿಪ್ಪಣಿಯಿಂದ ಮಾದರಿ ಉತ್ತರವನ್ನೂ ನಕಲು ಮಾಡಿಕೊಂಡಿದ್ದೆ. ತುದಿ ಮೊಟಕಾದದ್ದು ನನ್ನ ಕೈಯಲ್ಲಿ. ತಪ್ಪಿಹೋದದ್ದು ಸಾಲಿನ ಗುರು, ತಪ್ಪಿದವನು ತರಗತಿಯ ಗುರು.

ಬಯ್ದದ್ದು ಎಲ್ಲರೆದುರಿಗೆ. ಆದ್ದರಿಂದ ಒಪ್ಪಿಕೊಳ್ಳುವುದೂ ಎಲ್ಲರೆದುರಿಗೇ ಆಗಬೇಕು. ಮರುದಿನ ತರಗತಿಗೆ ಹೋದವನೇ ಕರಿಹಲಗೆಯ ಮೇಲೆ 23 ಎಂದು ಬರೆದು, ನಡೆದದ್ದನ್ನು ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಆ ಹುಡುಗಿಯನ್ನು, "ನಿನಗೆ 23 ಎಂದು ಹೇಗೆ ತಿಳಿಯಿತಮ್ಮ?" ಎಂದು ಕೇಳಿದೆ.

"ಟಿಪ್ಪಣಿಯಲ್ಲಿ 21 ಎಂದೇ ಬರೆದುಕೊಂಡಿದ್ದೆ ಸಾರ್. ಮನೆಯಲ್ಲಿ ಪದ್ಯ ಹಾಡಿಕೊಂಡು ಎಣಿಸಿದಾಗ 23 ಬಂತು. ಹಾಗೆಯೇ ಬರೆದೆ."

"ಹಾಗಾದರೆ ನಾನು ಅಂಕ ಕಳೆದಾಗ ಏಕೆ ಹೇಳಲಿಲ್ಲ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲರೂ 21 ಎಂದಿದ್ದರು. ನಾನೇ ಎಣಿಸಲು ತಿಳಿಯದವಳು ಎಂದುಕೊಂಡೆ ಸಾರ್. ಆಮೇಲೆ ಎಣಿಸುವುದನ್ನು ಬಿಟ್ಟುಬಿಟ್ಟೆ."

ಎರಡು ಅಂಕವನ್ನು ಹಿಂದಕ್ಕೆ ಕೊಡುವುದು ಸುಲಭ, ಕೊಟ್ಟೆ. ಉಳಿದ 42 ಮಂದಿಯ ಅಂಕ ಕಳೆಯಲು ನನಗೆ ಅಧಿಕಾರವಿರಲಿಲ್ಲ. ಅವರು ನಾನು ಕೊಟ್ಟದ್ದನ್ನೇ ನನಗೆ ಹಿಂದಿರುಗಿಸಿದ್ದರು. ಆದರೆ ಆ ಕೊನೆಯ ಮಾತು, 'ಎಣಿಸುವುದನ್ನು ಬಿಟ್ಟುಬಿಟ್ಟೆ' ಎಂಬ ಮಾತು, ಯಾವ ಅಂಕದಿಂದಲೂ ತೀರುವ ಸಾಲವಲ್ಲ. ಅಂದು ಪಾಠ ಮಾಡಲಿಲ್ಲ. ಆಕೆಯನ್ನೇ ಹಲಗೆಯ ಬಳಿಗೆ ಕರೆದು, ತನಗೆ ಬೇಕಾದ ಪದ್ಯವನ್ನು ಬರೆದು ಪ್ರಸ್ತಾರ ಹಾಕಲು ಹೇಳಿದೆ. ಮೊದಲೆರಡು ಸಾಲುಗಳಲ್ಲಿ ಸೀಮೆಸುಣ್ಣ ತಡವರಿಸಿತು. ಮೂರನೆಯ ಸಾಲಿನ ತುದಿಗೆ ಬಂದಾಗ ಒಂದು ಕ್ಷಣ ನಿಂತು, ನನ್ನ ಮುಖವನ್ನೊಮ್ಮೆ ನೋಡಿ, ಕೊನೆಯ ಅಕ್ಷರದ ಮೇಲೆ ಗುರುವಿನ ಚಿಹ್ನೆಯನ್ನು ದಪ್ಪಗೆ ಎಳೆದಳು.

ಸಂಜೆ ಸುಬೇದಾರರಿಗೆ ಇದನ್ನೆಲ್ಲ ಒಪ್ಪಿಸಿದೆ. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು, "ಏಳನೆಯ ಗುಂಡು ಹಾರಿತೋ?" ಎಂದರು.

"ಹಾರಿತು" ಎಂದೆ.